ಹೊನ್ನಮೀನಿಗೆ ತಕ್ಕ ತೊಟ್ಟಿ

ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ ಸಲುವಾಗಿ 1960ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಅಧಿನಿಯಮದ 11ನೆಯ ಪ್ರಕರಣವು, ಯಾವುದೇ ಪ್ರಾಣಿಯನ್ನು ಅದು ತಕ್ಕಮಟ್ಟಿಗೆ ಚಲಿಸಲು ಅನುವಾಗುವಷ್ಟು ಎತ್ತರ, ಉದ್ದ, ಅಗಲಗಳಿಲ್ಲದ ಪಂಜರದಲ್ಲಾಗಲಿ ಅನ್ಯ ಭಾಜನದಲ್ಲಾಗಲಿ ಕೂಡಿಹಾಕುವುದು ಅಪರಾಧವೆಂದು ಸಾರುತ್ತದೆ. ಪ್ರಾಣಿಯೆಂದರೆ ಮನುಷ್ಯನನ್ನುಳಿದ ಸಕಲ ಜೀವಿಯೂ ಎಂದು ಅದೇ ಅಧಿನಿಯಮದ ಆರಂಭದಲ್ಲಿಯೇ ವಿವರಿಸಿರುವುದರಿಂದ, ಮೀನು ಆ ರಕ್ಷಣೆಯ ಪರಿಧಿಗೆ ಹೊರಗಾದುದೆಂದು ವಾದಿಸುವುದಕ್ಕೆ ಎಂತಹ ಚತುರ ವಕೀಲನಿಗೂ ಎಡೆಯಿಲ್ಲ. ಮೊದಲ ಅಪರಾಧಕ್ಕೆ ಗೊತ್ತುಮಾಡಿರುವ ದಂಡವಾದರೋ 10 ರೂಪಾಯಿಗೆ ಕಡಿಮೆಯಿಲ್ಲದೆ 50 ರೂಪಾಯಿಗೆ ಮೀರದೆ ಇದೆ. ಗಾಜಿನ ದುಂಡುಬುಡ್ಡಿಯೊಂದರ ಬೆಲೆಯೇ ಇಂದು ಅದಕ್ಕಿಂತ ಹೆಚ್ಚೆಂಬುದನ್ನು ಕಂಡಾಗ, ಈ ವಿಧಿಯ ಭಯದಿಂದ ಯಾರೊಬ್ಬರೂ ಬುಡ್ಡಿಯನ್ನು ಕೆಳಗಿಟ್ಟಾರೆಂದು ನಿರೀಕ್ಷಿಸುವುದು ವ್ಯರ್ಥವೆಂದೇ ತೋರುತ್ತದೆ. ಆದಕಾರಣ ಈ ವಿಷಯದಲ್ಲಿ ಕಾನೂನಿಗಿಂತ ಹೆಚ್ಚಾಗಿ ಗೃಹಸ್ಥರ ವಿವೇಕವನ್ನೇ ನೆಚ್ಚಬೇಕಾಗಿದೆ.

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ, ಅದಿರಿನ ಬೆಟ್ಟಗಳ ಮಗ್ಗುಲಿಗಿರುವ ಪಾಪಿನಾಯಕನಹಳ್ಳಿಯಲ್ಲಿ, ಅಂದರೆ ಬಸ್ಸಿನವರೂ ಲಾರಿಯವರೂ ಪಿ.ಕೆ. ಹಳ್ಳಿಯೆಂದು ಕರೆಯುವ ಊರಿನಲ್ಲಿ, ಈಚಿನ ವರ್ಷಗಳಲ್ಲಿ ಕಟ್ಟಿದ ತಾರಸಿ ಮನೆಗಳ ನಡುಮನೆಗೆ ಕಾಲಿಟ್ಟವರಿಗೆ ದೂರದರ್ಶನದ ಪೆಟ್ಟಿಗೆಯ ಪಕ್ಕದಲ್ಲಿಯೋ ಷೋಕೇಸಿನ ನಡುವಣ ಗೂಡಿನಲ್ಲಿಯೋ ಅಂತಹ ಬುಡ್ಡಿಯೊಂದು ಕಣ್ಣಿಗೆ ಬೀಳುವುದು ಅಪೂರ್ವವೇನಲ್ಲ. ಹೊಸಪೇಟೆಯ ಪೇಟೆಗೆ ಹೋದ ತಂದೆಯು ಮಗುವಿನ ಹಟಕ್ಕೆ ಸೋತು, ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಕಟ್ಟಿಕೊಟ್ಟ ಎರಡು ಹೊನ್ನಮೀನುಗಳನ್ನೂ, ಅಂಗಡಿಯಾತನೇ ಆರಿಸಿಕೊಟ್ಟ ಬುಡ್ಡಿಯನ್ನೂ, ಬಣ್ಣದ ಹರಳುಗಳ ಪೊಟ್ಟಣವನ್ನೂ ತಂದಿರುತ್ತಾನೆ. ಗೂಡಿನ ಅಗಲಕ್ಕೆ ಬುಡ್ಡಿ ಹೊಂದಿತು, ಬುಡ್ಡಿಯ ಅಂದಕ್ಕೆ ಮೀನು ಹೊಂದಿತು ಎಂಬಲ್ಲಿಗೆ ಆಯ್ಕೆ ಮುಗಿಯಿತು. ಮೀನಿನ ಕಡೆಯಿಂದ ಈ ಲೆಕ್ಕವನ್ನು ಯಾರೂ ಹಾಕಿರುವುದಿಲ್ಲ. ತೊಟ್ಟಿಯ ಅಳತೆಯನ್ನು ಮೀನು ಮುಂದೆ ಮುಟ್ಟಲಿರುವ ಗಾತ್ರದಿಂದಲೂ, ಅದು ಕೆಡಿಸುವ ನೀರಿನ ಪ್ರಮಾಣದಿಂದಲೂ, ನಮ್ಮ ಸೀಮೆಯ ಬಿಸಿಲಿನ ತೀವ್ರತೆಯಿಂದಲೂ ನಿರ್ಣಯಿಸಬೇಕೇ ಹೊರತು ಮೇಜಿನ ಅಗಲದಿಂದಲ್ಲವೆಂಬುದು ನನ್ನ ಪಕ್ಷ.

ಮೊದಲು ಮೀನಿನ ವಿಚಾರ. ಹೊನ್ನಮೀನು ಕೆಂಡೆಯ ಕುಲಕ್ಕೆ ಸೇರಿದ್ದು. ತುಂಗಭದ್ರಾ ಜಲಾಶಯದಲ್ಲಿ ಬಲೆಗೆ ಬೀಳುವ ಕಟ್ಲ, ರೋಹುಗಳು ಅದರ ದಾಯಾದಿಗಳು. ಚೀನ ದೇಶದಲ್ಲಿ ಸೊಂಗ್ ವಂಶದ ಅರಸರ ಕಾಲಕ್ಕಾಗಲೇ, ಅಂದರೆ ಸುಮಾರು ಒಂದು ಸಾವಿರ ವರ್ಷಗಳ ಹಿಂದೆಯೇ, ಬೂದುಬಣ್ಣದ ಕೆಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಹೊಂಬಣ್ಣವನ್ನು ತಳೆದು ಹುಟ್ಟಿದುವನ್ನು ಆರಿಸಿ ಉದ್ಯಾನದ ಕೊಳಗಳಲ್ಲಿ ಬೆಳೆಸಿದರು. ಮಿಂಗ್ ವಂಶದ ಕಾಲದಲ್ಲಿ ಅವು ಮನೆಯೊಳಗಣ ಭಾಜನಗಳಿಗೂ ಬಂದುವು. ಅಗಲ ಬಾಯಿಯ ಮಣ್ಣಿನ ಬಾನಿಗಳಲ್ಲಿ ಅವುಗಳನ್ನು ಬಿಟ್ಟು, ಬೆನ್ನಿನ ಹೊಳಪನ್ನೂ ಬಾಲದ ಹರವನ್ನೂ ಮೇಲಿನಿಂದ ನೋಡಿ ಆನಂದಿಸುವುದು ಅಲ್ಲಿನವರ ಪದ್ಧತಿಯಾಗಿತ್ತು. ಪಕ್ಕದಿಂದ ಗಾಜಿನ ಮೂಲಕ ನೋಡುವ ಚಾಳಿ ಬಹಳ ಈಚಿನದು. ಆ ಚಾಳಿಯಿಂದಲೇ ಈ ದುಂಡುಬುಡ್ಡಿಯೂ ಹುಟ್ಟಿಕೊಂಡದ್ದು.

ಅಂಗಡಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದವಿದ್ದ ಮರಿಯು, ಸರಿಯಾಗಿ ಸಾಕಿದಲ್ಲಿ, ಒರಾಂಡಾ, ಬ್ಲ್ಯಾಕ್ ಮೂರ್ ಮೊದಲಾದ ದುಂಡುಮೈಯ ಜಾತಿಯಾದರೆ 15ರಿಂದ 20 ಸೆಂಟಿಮೀಟರಿಗೂ, ಕಾಮೆಟ್ ಮುಂತಾದ ನೀಳಮೈಯ ಜಾತಿಯಾದರೆ 30 ಸೆಂಟಿಮೀಟರಿನ ಆಸುಪಾಸಿಗೂ ಬೆಳೆಯುತ್ತದೆ. ಆಯುಸ್ಸಾದರೋ ಹತ್ತು ಹದಿನೈದು ವರ್ಷಗಳದು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ 1956ರಲ್ಲಿ ಜಾತ್ರೆಯೊಂದರ ಬಹುಮಾನವಾಗಿ ಮನೆಗೆ ಬಂದ ಟಿಶ್ ಎಂಬ ಹೊನ್ನಮೀನು 1999ರವರೆಗೆ, ನಲವತ್ತಮೂರು ವರ್ಷ, ಬದುಕಿತ್ತು. ನಮ್ಮಲ್ಲಿ ಅದು ಯುಗಾದಿಗೆ ಬಂದು ನಾಗರಪಂಚಮಿಯನ್ನು ಕಾಣದೆ ಹೋಗುತ್ತದೆ. ಹೋದ ಮೇಲೆ ‘ಈ ಮೀನುಗಳ ಆಯುಸ್ಸೇ ಅಷ್ಟು’ ಎಂಬ ಸಮಾಧಾನದೊಡನೆ ಇನ್ನೊಂದು ಜೋಡಿ ಬರುತ್ತದೆ.

ತೊಟ್ಟಿಯಷ್ಟೇ ಮೀನು ಬೆಳೆಯುತ್ತದೆ, ಸಣ್ಣ ತೊಟ್ಟಿಯಲ್ಲಿಟ್ಟರೆ ಸಣ್ಣದಾಗಿಯೇ ಉಳಿಯುತ್ತದೆ ಎಂಬ ಮಾತು ವ್ಯಾಪಾರಿಗಳಲ್ಲಿಯೂ ಕೊಳ್ಳುವವರಲ್ಲಿಯೂ ಸಮಾನವಾಗಿ ಪ್ರಚಲಿತವಾಗಿದೆ. ಅದರಲ್ಲಿ ಅರ್ಧ ಸತ್ಯವುಂಟು. ಆ ಅರ್ಧವೇ ಅನರ್ಥಕ್ಕೆ ಕಾರಣ. ಇಕ್ಕಟ್ಟಿನ ನೀರಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ದಿಟ. ಆದರೆ ಅದು ಮಲಿನ ಜಲದ ದೆಸೆಯಿಂದ ಒದಗಿದ ರೋಗಲಕ್ಷಣವೇ ಹೊರತು, ಮೀನು ತನ್ನ ಮನೆಯ ಅಳತೆಯನ್ನು ಅರಿತು ಮಾಡಿಕೊಂಡ ಒಡಂಬಡಿಕೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವಿದೆ. ಅಲ್ಲಿ ಅವನು ಮೀನುಗಳನ್ನು ಅವುಗಳ ನೆಲೆಯಿಂದಲೂ, ಹೊರಮೈಯಿಂದಲೂ, ಗಾತ್ರದಿಂದಲೂ ವಿಂಗಡಿಸಿ, ಅವಕ್ಕೆ ಹಾಕತಕ್ಕ ಆಹಾರವನ್ನೂ ಹೇಳುತ್ತಾನೆ. ಗಾಳ ಹಾಕುವ ವಿನೋದಕ್ಕಾದರೂ ಸರಿಯೆ, ಮೀನಿನ ಪೂರ್ಣಗಾತ್ರವನ್ನು ಮುಂಚಿತವಾಗಿ ತಿಳಿದಿರಬೇಕೆಂಬ ಪ್ರಜ್ಞೆ ಈ ಕನ್ನಡ ದೊರೆಗೆ ಇತ್ತು. ಸಾಕುವ ವಿನೋದಕ್ಕೆ ಇಳಿದಿರುವ ನಮಗೆ ಅದು ಇಲ್ಲದೆ ಹೋದುದು ವಿಚಿತ್ರ.

ಇನ್ನು ನೀರು ಕೆಡುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ತೊಟ್ಟಿಯ ಅಳತೆಯ ಪ್ರಶ್ನೆಯೆಲ್ಲ ಇದರಲ್ಲಿಯೇ ಅಡಗಿದೆ. ಹೊನ್ನಮೀನಿಗೆ ಜಠರವೆಂಬ ಅವಯವವಿಲ್ಲ; ತಿಂದುದು ನೇರವಾಗಿ ಕರುಳಿಗಿಳಿಯುವುದರಿಂದ ಅದು ಸದಾ ಮೇಯುತ್ತಲೂ ಸದಾ ವಿಸರ್ಜಿಸುತ್ತಲೂ ಇರುವ ಜೀವಿ. ಅದರ ದೇಹದ ಕಲ್ಮಷದಲ್ಲಿ ಬಹುಭಾಗವು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ. ಈ ಅಮೋನಿಯಾ ಕಣ್ಣಿಗೆ ಕಾಣದು, ಆದುದರಿಂದ ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಮೀನು ತನ್ನದೇ ವಿಷದಲ್ಲಿ ಉಸಿರಾಡುತ್ತಿರುವುದು ಸಾಧ್ಯ. ಪ್ರಕೃತಿಯಲ್ಲಿ ಕೆಲವು ಜಾತಿಯ ಸೂಕ್ಷ್ಮಾಣುಜೀವಿಗಳು ಅಮೋನಿಯಾವನ್ನು ನೈಟ್ರೈಟಾಗಿಯೂ, ಮತ್ತೆ ಕೆಲವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟಾಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ, ಸೋಸುಕದ ಸ್ಪಂಜಿನ ಮೇಲೂ ಜಲ್ಲಿಯ ಮೇಲೂ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ದಿನವೂ ಬುಡ್ಡಿಯನ್ನು ಬರಿದು ಮಾಡಿ ಉಜ್ಜಿ ತೊಳೆಯುವ ನಿಷ್ಠಾವಂತ ಗೃಹಿಣಿಯು, ತಿಳಿಯದೆಯೇ, ಮೀನಿನ ಈ ಉಪಕಾರಿಗಳನ್ನು ದಿನವೂ ಚರಂಡಿಗೆ ಕಳುಹಿಸುತ್ತಿರುತ್ತಾಳೆ.

ಇದರ ಮೇಲೆ ನಮ್ಮ ಬಿಸಿಲು. ಹೊನ್ನಮೀನು ಮೂಲತಃ ತಂಪುನೀರಿನ ಪ್ರಾಣಿ; 18ರಿಂದ 24 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತವಾದ ಉಷ್ಣಮಾನ. ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣಮಾನ 40 ಡಿಗ್ರಿಯನ್ನು ಮುಟ್ಟುವುದು ಯಾರಿಗೂ ಹೊಸ ಸಂಗತಿಯಲ್ಲ. 20 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ತನ್ನಲ್ಲಿ ಕರಗಿಸಿಕೊಂಡಿರಬಲ್ಲುದಾದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ವೇಳೆಯಲ್ಲಿ, ಶೀತರಕ್ತದ ಮೀನಿನ ದೇಹವ್ಯಾಪಾರವು ಶಾಖದೊಡನೆ ವೇಗಗೊಂಡು, ಅದರ ಆಮ್ಲಜನಕದ ಬೇಡಿಕೆ ಏರುತ್ತದೆ. ಬೇಡಿಕೆ ಏರಿ ಪೂರೈಕೆ ಇಳಿದ ಈ ಹೊತ್ತಿನಲ್ಲಿಯೇ ಅಮೋನಿಯಾವೂ ಹೆಚ್ಚು ಘಾತುಕವಾಗುತ್ತದೆ: ನಮ್ಮ ಕೊಳವೆಬಾವಿಗಳ ಗಡಸುನೀರಿನಂತೆ ಸ್ವಲ್ಪ ಕ್ಷಾರಗುಣವುಳ್ಳ ನೀರಿನಲ್ಲಿ, 20 ಡಿಗ್ರಿಯಿಂದ 30 ಡಿಗ್ರಿಗೆ ಏರುವಷ್ಟರಲ್ಲಿ ಅದರ ವಿಷಾಂಶವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಎಂಟು ಲೀಟರಿನ ಬುಡ್ಡಿ ಮಧ್ಯಾಹ್ನದ ಒಂದೆರಡು ಗಂಟೆಗಳಲ್ಲಿಯೇ ಕಾಯುತ್ತದೆ. ನೂರಾರು ಲೀಟರಿನ ತೊಟ್ಟಿ ಸಾವಕಾಶವಾಗಿ ಕಾದು, ಅಷ್ಟು ಕಾಯುವುದರೊಳಗೆ ಸಂಜೆಯ ಗಾಳಿಯನ್ನು ಪಡೆಯುತ್ತದೆ. ಶೀತದೇಶದವರು ಬರೆದಿಟ್ಟ ಅಳತೆಗಳನ್ನು ನಾವು ಕಡಿಮೆ ಮಾಡಿಕೊಳ್ಳುವುದಿರಲಿ, ಇನ್ನೂ ಕಾಲುಭಾಗ ಹೆಚ್ಚಿಸಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕೋಸ್ಕರವೇ.

ಆ ಅಳತೆಗಳಾದರೂ ಎಷ್ಟು? ಅನುಭವಿಗಳಾದ ಸಾಕಣೆಗಾರರಲ್ಲಿ ಬಹುಮಂದಿ ಒಪ್ಪುವ ಲೆಕ್ಕವೆಂದರೆ, ದುಂಡುಮೈಯ ಜಾತಿಯ ಮೊದಲ ಮೀನಿಗೆ 75 ಲೀಟರ್, ತರುವಾಯದ ಪ್ರತಿಯೊಂದಕ್ಕೂ 40 ಲೀಟರ್; ನೀಳಮೈಯ ಕಾಮೆಟ್‌ಗಳಾದರೆ ಒಂದು ಜೋಡಿಗೆ 200 ಲೀಟರಿಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಕೊಳವೇ. ಒಂದು ಅಂಗುಲ ಮೀನಿಗೆ ಇಷ್ಟು ನೀರೆಂದು ಉದ್ದವನ್ನೇ ಹಿಡಿದು ಗುಣಿಸುವ ಹಳೆಯ ಸೂತ್ರವೊಂದುಂಟು. ಅದು ಗಣಿತದೃಷ್ಟಿಯಿಂದಲೇ ಅಸಂಗತ. ಮೀನಿನ ಉದ್ದ ಹತ್ತು ಪಟ್ಟಾದಾಗ ಅದರ ದೇಹಭಾರವು ಹತ್ತು ಪಟ್ಟಲ್ಲ, ಸುಮಾರು ಸಾವಿರ ಪಟ್ಟಾಗುತ್ತದೆಯಾದುದರಿಂದ, ಎರಡು ಸೆಂಟಿಮೀಟರಿನ ಹತ್ತು ಮರಿಗಳು ಕೆಡಿಸುವ ನೀರಿಗೂ ಇಪ್ಪತ್ತು ಸೆಂಟಿಮೀಟರಿನ ಒಂದೇ ಮೀನು ಕೆಡಿಸುವ ನೀರಿಗೂ ಅಜಗಜಾಂತರವಿದೆ.

ತೊಟ್ಟಿ ಎಷ್ಟು ಲೀಟರಿನದೆಂಬುದರಷ್ಟೇ ಮುಖ್ಯವಾದುದು ಅದರ ಆಕಾರ. ನೀರು ಉಸಿರಾಡುವುದು ತನ್ನ ಮೇಲ್ಮೈಯಿಂದ. 25 ಸೆಂಟಿಮೀಟರ್ ಅಡ್ಡಳತೆಯ ಗೋಳಬುಡ್ಡಿಯನ್ನು ಕಂಠದ ತನಕ ತುಂಬಿ ನೀರಿನ ವೃತ್ತವು 15 ಸೆಂಟಿಮೀಟರಿಗೆ ಇಳಿಯುವಂತೆ ಮಾಡಿದರೆ, ಗಾಳಿಗೆ ತೆರೆದ ಮೇಲ್ಮೈ 177 ಚದರ ಸೆಂಟಿಮೀಟರ್ ಮಾತ್ರ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಸಾಮಾನ್ಯ ತೊಟ್ಟಿಯದು 1800. ಹೆಚ್ಚು ನೀರು ತುಂಬಿದಷ್ಟೂ ಬುಡ್ಡಿಯ ಉಸಿರು ಕಟ್ಟುತ್ತದೆಂಬ ಈ ವೈಪರೀತ್ಯವನ್ನು ಗಮನಿಸಿದವರು ಕಡಿಮೆ. ವಿದ್ಯುತ್ತು ಹೋದಾಗ ಗಾಳಿಯೂದುವ ಯಂತ್ರ ನಿಲ್ಲುತ್ತದೆ. ಬೇಸಗೆಯ ರಾತ್ರಿ ವಿದ್ಯುತ್ತು ಹೋಗದ ಹಳ್ಳಿ ಯಾವುದು? ಆಗ ಮೀನನ್ನು ಉಳಿಸುವುದು ವಿಸ್ತಾರವಾದ ಮೇಲ್ಮೈಯೊಂದೇ. ಆದಕಾರಣ ನೋಟಕ್ಕೆ ಗಂಭೀರವಾದ ಎತ್ತರದ ತೊಟ್ಟಿಗಿಂತ ತಗ್ಗಾಗಿ ನೀಳವಾಗಿರುವುದು ಉತ್ತಮ. 90 ಸೆಂಟಿಮೀಟರ್ ಉದ್ದ, 45 ಅಗಲದ ತೊಟ್ಟಿಯಲ್ಲಿ 40 ಸೆಂಟಿಮೀಟರ್ ನೀರು ನಿಲ್ಲಿಸಿದರೆ 162 ಲೀಟರಾಯಿತು. ದುಂಡುಮೈಯ ಒಂದು ಜೋಡಿಗೆ, ನಾನು ಹೇಳಿದ ಹೆಚ್ಚುವರಿ ಕಾಲುಭಾಗವನ್ನು ಸೇರಿಸಿಯೂ, ಅದು ಧಾರಾಳವಾಗಿ ಸಾಲುತ್ತದೆ. ಬರಿಯ ನೀರೇ 162 ಕಿಲೋಗ್ರಾಂ ತೂಗುವುದರಿಂದ ಷೋಕೇಸಿನ ಹಲಗೆಯ ಮೇಲೆ ಅದನ್ನು ಏರಿಸುವ ಸಾಹಸ ಬೇಡ. ತಳಕ್ಕೆ ಹರಳನ್ನೂ ಪ್ಲಾಸ್ಟಿಕ್ಕಿನ ಕೋಟೆಕೊತ್ತಲಗಳನ್ನೂ ತುಂಬಿದಷ್ಟೂ ನೀರಿನ ಜಾಗ ಕಡಿಮೆಯಾಗುತ್ತದೆಂಬುದನ್ನು, ಹೂಳಿನ ದೆಸೆಯಿಂದ ತಮ್ಮ ಜಲಾಶಯವು 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಕುಗ್ಗಿದುದನ್ನು ಕಂಡಿರುವ ಈ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿಯ ಮೇಲೊಂದು ಮುಚ್ಚಳವೂ ಇರಲಿ. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳಿ ಸೋಸುಕದ ಸ್ಪಂಜನ್ನು ಬಲುಬೇಗ ಕಟ್ಟಿಬಿಡುತ್ತದೆ.

ಈ ಘಟ್ಟದಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ತಳ್ಳಿಹಾಕತಕ್ಕುದಲ್ಲ. ತುಂಗಭದ್ರೆಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಕೆರೆಗಳನ್ನು ತುಂಬಿಸುವುದಕ್ಕೆ ಪಾಪಿನಾಯಕನಹಳ್ಳಿ ಏತ ನೀರಾವರಿ ಯೋಜನೆಯೆಂದು ಊರಿನ ಹೆಸರಿನಲ್ಲಿಯೇ ಒಂದು ಯೋಜನೆ ನಡೆಸಬೇಕಾಗಿ ಬಂದಂತಹ, ಅಣೆಕಟ್ಟಿನ ಸಮೀಪದಲ್ಲಿದ್ದೂ ನೀರಿಗಾಗಿ ಕಾದ ನೆಲದಲ್ಲಿ, ಎರಡು ಮೀನುಗಳ ವಿಲಾಸಕ್ಕಾಗಿ ನೂರಾರು ಲೀಟರ್ ನೀರನ್ನು ಮೀಸಲಿಡುವುದು ನ್ಯಾಯವೇ ಎಂದು ಹಿರಿಯರು ಕೇಳಿದರೆ ತಪ್ಪೇನು? ತಪ್ಪಿಲ್ಲ, ಆದರೆ ಲೆಕ್ಕ ಮಾತ್ರ ಅವರು ಊಹಿಸುವುದಕ್ಕೆ ವಿರುದ್ಧವಾಗಿದೆ. ಎಂಟು ಲೀಟರಿನ ಬುಡ್ಡಿಯ ನೀರನ್ನು ದಿನಕ್ಕೊಮ್ಮೆ ಚೆಲ್ಲಲೇಬೇಕು; ತಿಂಗಳಿಗೆ 240 ಲೀಟರಾಯಿತು. 162 ಲೀಟರಿನ ತೊಟ್ಟಿಯಲ್ಲಿ, ಸೂಕ್ಷ್ಮಾಣುಗಳು ನೆಲೆಗೊಂಡ ತರುವಾಯ, ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗವನ್ನು ಬದಲಿಸಿದರೆ ಸಾಕು. ವಾರಕ್ಕೆ 40 ಲೀಟರಿನಂತೆ ತಿಂಗಳಿಗೆ ಸುಮಾರು 160 ಲೀಟರ್. ಹಾಗೆ ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಅದು ಸಸ್ಯಗಳಿಗೆ ಆಹಾರವೇ. ಹಿತ್ತಲ ಕನಕಾಂಬರಕ್ಕೋ ಕರಿಬೇವಿಗೋ ಎರೆದರೆ ಒಂದು ಹನಿಯೂ ನಷ್ಟವಿಲ್ಲ. ನಲ್ಲಿಯ ನೀರಾದರೆ, ಕ್ಲೋರಿನ್ನು ಕಳೆಯುವಂತೆ ಬಾಯಿ ತೆರೆದ ಪಾತ್ರೆಯಲ್ಲಿ ಒಂದು ಅಹೋರಾತ್ರಿ ಇಟ್ಟು ತುಂಬುವುದು ಒಳ್ಳೆಯದು. ಹೀಗೆ ನೋಡಿದರೆ ಬರಗಾಲದ ನೆಲಕ್ಕೆ ಒಪ್ಪುವುದು ದೊಡ್ಡ ತೊಟ್ಟಿಯೇ. ನೀರಿನ ದುಂದುಗಾರಿಕೆ ಇರುವುದು ಬುಡ್ಡಿಯಲ್ಲಿ.

ಪಾತ್ರಕ್ಕೆ ತಕ್ಕಂತೆ ನೀರನ್ನೂ ನೀರಿಗೆ ತಕ್ಕಂತೆ ಪಾತ್ರವನ್ನೂ ಅಳೆಯುವ ವಿದ್ಯೆ ಈ ಸೀಮೆಗೆ ಅಪರಿಚಿತವಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಹಂಪಿ, ಕಮಲಾಪುರ, ಹೊಸಪೇಟೆಗಳ ಬಾಳೆಗೂ ಕಬ್ಬಿಗೂ ಇಂದಿಗೂ ನೀರುಣಿಸುತ್ತಿವೆ. ಕಮಲಾಪುರದ ಕೆರೆ ಇಂದಿಗೂ ಕೆರೆಯಾಗಿಯೇ ಉಳಿದಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಗುಡ್ಡಗಳ ನಡುವೆ ಅರಸನು ಕಟ್ಟಿಸುತ್ತಿದ್ದ ಮಹಾತಟಾಕವೊಂದನ್ನು ಕಣ್ಣಾರೆ ಕಂಡು, ಅದರ ಏರಿ ಎರಡು ಮೂರು ಬಾರಿ ಒಡೆದುಹೋದುದನ್ನೂ ದಾಖಲಿಸಿದ್ದಾನೆ. ಒಡೆದರೂ ಬಿಡದೆ ಮತ್ತೆ ಕಟ್ಟಿದರು. ಕೆರೆಯ ಪಾತ್ರ, ಏರಿ, ತೂಬು, ಕೋಡಿಗಳೆಂದರೆ ನಮ್ಮ ರೈತನಿಗೆ ಬೋಧಿಸತಕ್ಕ ವಿಷಯವಲ್ಲ. ಅದೇ ರೈತನ ಮೊಮ್ಮಗ ಗಾಜಿನಂಗಡಿಯಲ್ಲಿ ನಿಂತು, ತೊಟ್ಟಿಗೆ ಎಷ್ಟು ಲೀಟರ್ ಹಿಡಿಯುತ್ತದೆಂದು ಕೇಳದೆಯೇ ಹಣ ಕೊಡುತ್ತಾನೆ!

ಹಣದ ಮಾತೂ ಬಂದಿತು. ದೊಡ್ಡ ಗಾಜಿನ ತೊಟ್ಟಿ ಎಲ್ಲರ ಕೈಗೆಟುಕುವಂತಹದಲ್ಲವೆಂಬುದು ನಿಜ. ಆದರೆ ಗಾಜೇ ಆಗಬೇಕೆಂಬ ನಿರ್ಬಂಧವನ್ನು ಯಾರು ವಿಧಿಸಿದರು? ನಮ್ಮ ರಸ್ತೆಬದಿಗಳಲ್ಲಿ ಸಿಮೆಂಟಿನ ಬಳೆಗಳನ್ನು ಎರಕ ಹೊಯ್ದು ಮಾರುವವರು ಎಲ್ಲೆಡೆಯೂ ಇದ್ದಾರೆ. 90 ಸೆಂಟಿಮೀಟರ್ ಅಡ್ಡಳತೆಯ ಒಂದು ಬಳೆಗೆ ತಳ ಹಾಕಿಸಿ 45 ಸೆಂಟಿಮೀಟರ್ ನೀರು ನಿಲ್ಲಿಸಿದರೆ 286 ಲೀಟರಾಗುತ್ತದೆ, ಮೇಲ್ಮೈ ಆರು ಸಾವಿರ ಚದರ ಸೆಂಟಿಮೀಟರನ್ನು ಮೀರುತ್ತದೆ. ಹೊಸ ಸಿಮೆಂಟು ಸುಣ್ಣವನ್ನು ಬಿಡುವುದರಿಂದ ಕೆಲವು ವಾರಗಳ ಕಾಲ ನೀರು ತುಂಬಿ, ಚೆಲ್ಲಿ, ಮರಳಿ ತುಂಬಿ ಅದನ್ನು ಹದಗೊಳಿಸಬೇಕು; ಬೇವಿನ ನೆರಳಿನಲ್ಲಿಯೋ ಜಗಲಿಯ ಮಾಡಿನ ಕೆಳಗೋ ಇಡಬೇಕು; ಬೆಕ್ಕಿಗೂ ಕೊಕ್ಕರೆಗೂ ಎಟುಕದಂತೆ ಮೇಲೆ ಬಲೆ ಹೊದಿಸಬೇಕು. ಇಷ್ಟಾದರೆ ಮೀನನ್ನು ಚೀನದವರು ನೋಡಿದ ರೀತಿಯಲ್ಲಿಯೇ ಮೇಲಿನಿಂದ ನೋಡಬಹುದು, ಸೊಳ್ಳೆಯ ಮರಿಗಳನ್ನು ಅದು ತಿಂದುಹಾಕುವ ಲಾಭವೂ ಉಂಟು. ಷೋಕೇಸಿನ ಅಂದ ಇದರಲ್ಲಿಲ್ಲವೆಂದು ಮೂಗು ಮುರಿಯುವವರಿದ್ದಾರು. ಅವರಿಗಾಗಿಯೇ ಪ್ಲಾಸ್ಟಿಕ್ಕಿನ ಮೀನುಗಳು ಪೇಟೆಯಲ್ಲಿ ದೊರೆಯುತ್ತವೆ.

ಅನ್ಯತ್ರ ಇದಕ್ಕೆ ಕಟ್ಟಳೆಗಳೇ ಆಗಿವೆ. ಇಟಲಿಯ ಮೊಂಜಾ ನಗರವು 2004ರಲ್ಲಿಯೂ, ರೋಮ್ ನಗರವು 2005ರಲ್ಲಿಯೂ ದುಂಡುಬುಡ್ಡಿಯಲ್ಲಿ ಮೀನಿಡುವುದನ್ನು ನಿಷೇಧಿಸಿದುವು. ನಮ್ಮಲ್ಲಿ 2017ರಲ್ಲಿ ಕೇಂದ್ರದ ಪರಿಸರ ಸಚಿವಾಲಯವು ಅಲಂಕಾರಿಕ ಮೀನಿನ ವ್ಯಾಪಾರದ ಬಗ್ಗೆ ನಿಯಮಗಳನ್ನು ಹೊರಡಿಸಿ, ವ್ಯಾಪಾರಿಗಳ ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಅದಕ್ಕಾಗಿ ನಾನು ಬಹಳ ವ್ಯಥೆಪಡುವುದಿಲ್ಲ, ಪಿ.ಕೆ. ಹಳ್ಳಿಯ ಷೋಕೇಸುಗಳನ್ನು ತಪಾಸಣೆ ಮಾಡಲು ಅಧಿಕಾರಿಗಳು ಬಾರರು, ಬರಬೇಕೆಂದೂ ಇಲ್ಲ.

ಬೇಸರವಾಯಿತೆಂದೋ, ಮೀನು ಬುಡ್ಡಿಯನ್ನು ಮೀರಿತೆಂದೋ ಅದನ್ನು ಕಾಲುವೆಗೋ ಕೆರೆಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ಭಾವಿಸುವವರಿಗೊಂದು ಮಾತು: ಅದು ಪುಣ್ಯವಲ್ಲ. ಹೊನ್ನಮೀನು ಪರಕೀಯ ಜಾತಿ. ತಳವನ್ನು ಕೆದಕಿ ನೀರನ್ನು ರಾಡಿಮಾಡುವ, ಅನ್ಯರ ಮೊಟ್ಟೆಗಳನ್ನು ತಿನ್ನುವ ಸ್ವಭಾವ ಅದಕ್ಕುಂಟು. ಅಮೆರಿಕದ ಮಿನೆಸೋಟಾದ ಬರ್ನ್ಸ್‌ವಿಲ್ ಎಂಬ ಊರಿನ ಸರೋವರದಲ್ಲಿ 2021ರಲ್ಲಿ ಸಿಕ್ಕಿದ, ಹೀಗೆ ಯಾರೋ ಬಿಟ್ಟುಹೋದ ಮೀನುಗಳು ಉದ್ದದಲ್ಲಿ ಒಂದು ಅಡಿಯನ್ನು ಮುಟ್ಟಿದ್ದುವು. ಸಾಕಲಾರದವರು ಅದನ್ನು ದೊಡ್ಡ ತೊಟ್ಟಿಯುಳ್ಳ ಇನ್ನೊಬ್ಬರಿಗೆ ಕೊಡುವುದೇ ಸರಿ.

ನೂರು ಲೀಟರಿಗಾದರೂ ಎಡೆಯಿಲ್ಲದವರು ಹೊನ್ನಮೀನನ್ನು ಕೊಳ್ಳದಿರಲಿ. 40 ಲೀಟರಿನಲ್ಲಿ ನಾಲ್ಕಾರು ಗಪ್ಪಿಗಳು ಸುಖವಾಗಿರುತ್ತವೆ, ನಮ್ಮ ಬಿಸಿಲನ್ನೂ ಅವು ಚೆನ್ನಾಗಿಯೇ ತಾಳಿಕೊಳ್ಳುತ್ತವೆ. ಹೊಸಪೇಟೆಯ ಅಂಗಡಿಯವರಲ್ಲಿ ನನ್ನ ಬಿನ್ನಹ ಎರಡು: ಪ್ರತಿಯೊಂದು ಜಾತಿಯ ಬೆಲೆಯ ಚೀಟಿಯಲ್ಲಿ, ಆ ಮೀನು ಬೆಳೆದಾಗ ಎಷ್ಟು ಸೆಂಟಿಮೀಟರ್ ಆಗುತ್ತದೆ, ಅದಕ್ಕೆ ಎಷ್ಟು ಲೀಟರ್ ನೀರು ಬೇಕು ಎಂಬ ಎರಡು ಅಂಕಿಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿರಿ, ಹೊನ್ನಮೀನಿನೊಡನೆ ದುಂಡುಬುಡ್ಡಿಯನ್ನು ಮಾರುವುದನ್ನು ಇಂದಿನಿಂದಲೇ ನಿಲ್ಲಿಸಿರಿ.